ಮಗು ಈಗಲೇ ಬೇಕಾ? ನಾವು ಯೋಚಿಸಿದ 17 ದಿನ

ಜನವರಿ 7ರ ಬೆಳಿಗ್ಗೆ ಐದು ಗಂಟೆಗೆ ಬಚ್ಚಲುಮನೆಯ ಬಲ್ಬಿನ ಕೆಳಗೆ ನಿಂತು ಎರಡು ಗೆರೆ ನೋಡಿದೆ. ಹೊರಗೆ ಇವರು ಶೂ ಹಾಕಿಕೊಳ್ಳುತ್ತಿದ್ದರು. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿಬರುವವರು. ಐದು ನಿಮಿಷ ತಡವಾದರೂ ರೈಲು ತಪ್ಪುತ್ತದೆ. ಹಾಗಾಗಿ ಏನೂ ಹೇಳದೆ ಡಬ್ಬಿ ಕೊಟ್ಟು ಕಳಿಸಿದೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆಗ ಖುಷಿ ಆಯ್ತಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಇಲ್ಲ. ಭಯ ಆಯಿತು.

ನನಗೆ 22, ಇವರಿಗೆ 25. ಮದುವೆಯಾಗಿ ಎಂಟು ತಿಂಗಳಾಗಿತ್ತು. ಎರಡು ವರ್ಷ ಮಗು ಬೇಡ ಅಂತ ಮಾತಾಡಿಕೊಂಡಿದ್ದೆವು. ಜಾಗ್ರತೆಯಲ್ಲೂ ಇದ್ದೆವು. ಆದರೂ ಆಯಿತು. ಆವತ್ತಿನಿಂದ 17 ದಿನ ನಾವು ಯೋಚಿಸಿದ್ದು, ಅಲೆದಾಡಿದ್ದು, ತಪ್ಪು ಮಾಹಿತಿ ಕೇಳಿ ಹೆದರಿದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆಗ ಯಾರಾದರೂ ನನಗೆ ಇಷ್ಟನ್ನು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಮೊದಲು ಕಿಟ್ ವಿಷಯ. ಮೆಡಿಕಲ್ ಶಾಪಿನಲ್ಲಿ ಒಂದಕ್ಕೆ 55 ರೂಪಾಯಿ ಕೊಟ್ಟು ಎರಡು ತಂದಿದ್ದೆ. ನಮ್ಮ ಬೀದಿಯ ಅಂಗಡಿಯಲ್ಲಿ ಕೇಳಲು ಮುಜುಗರವಾಗಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆಯರ ಹತ್ತಿರ ಇದೇ ಥರದ 'ನಿಶ್ಚಯ್' ಕಿಟ್ ಉಚಿತವಾಗಿ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ನೋಡಿದರೆ ಫಲಿತಾಂಶ ಸ್ಪಷ್ಟವಾಗಿರುತ್ತದೆ.

ಸಂಜೆ ಇವರು ಬರುವಷ್ಟರಲ್ಲಿ ಒಂಬತ್ತಾಗಿತ್ತು. ಮಾಳಿಗೆ ಮೇಲೆ ಕರೆದುಕೊಂಡು ಹೋದೆ. ನಮ್ಮದು ಶೆಟ್ಟಿಹಳ್ಳಿ ಕಡೆ ಬಾಡಿಗೆ ಮನೆ, ಗೋಡೆ ಆಚೆಯವರು ಕೆಮ್ಮಿದರೂ ಕೇಳಿಸುತ್ತದೆ. ವಿಷಯ ಹೇಳಿದೆ. ಇವರು "ಹೌದಾ" ಅಂದರು. ಆಮೇಲೆ ಎಷ್ಟೋ ಹೊತ್ತು ಮಾತೇ ಇಲ್ಲ. ನನಗೆ ಸಿಟ್ಟು ಬಂತು, ಅಳು ಬಂತು. ಕೊನೆಗೆ, "ಬೇಜಾರು ಮಾಡ್ಕೋಬೇಡ ಕಣೇ, ನಂಗೆ ಹೆದರಿಕೆ ಆಗ್ತಿದೆ" ಅಂದರು. ವಿಚಿತ್ರ ಅಂದರೆ ಆ ಮಾತಿನಿಂದಲೇ ನನಗೆ ಸಮಾಧಾನವಾಗಿದ್ದು. ಹೆದರಿದ್ದು ನಾನೊಬ್ಬಳೇ ಅಲ್ಲ ಅಂತ. ಆ ರಾತ್ರಿ ಒಂದು ಮಾತು ಮಾಡಿಕೊಂಡೆವು. ನಾವಿಬ್ಬರೂ ತೀರ್ಮಾನ ಮಾಡುವವರೆಗೆ ಎರಡೂ ಮನೆಗೆ ಹೇಳುವುದು ಬೇಡ ಅಂತ.

ಜನವರಿ 10ರಂದು ರಜೆ ಹಾಕಿ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆವು. ಫೀಸು 300. ಟೋಕನ್ 31 ಸಿಕ್ಕಿತ್ತು, ಒಳಗೆ ಕರೆದಾಗ ಮಧ್ಯಾಹ್ನ ಒಂದೂವರೆ. ಕೊನೇ ಸಲ ಮುಟ್ಟಾಗಿದ್ದು ಯಾವತ್ತು ಅಂತ ಕೇಳಿದರು. ಡಿಸೆಂಬರ್ 5 ಅಂದೆ. "ಹಾಗಾದ್ರೆ ಐದು ವಾರ" ಅಂದರು. ನನ್ನ ಲೆಕ್ಕದಲ್ಲಿ ಮೂರು ವಾರ ಅಷ್ಟೇ ಆಗಿರಬೇಕಿತ್ತು. ಇವರ ಮುಖ ನೋಡಿದೆ, ಇವರೂ ಗಾಬರಿಯಾಗಿದ್ದರು. ಆಮೇಲೆ ಅರ್ಥವಾಯಿತು. ಡಾಕ್ಟರುಗಳು ಬಸಿರಿನ ವಾರ ಎಣಿಸುವುದು ಕೊನೇ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಂತಿದ್ದು ಅದಾಗಿ ಸುಮಾರು ಎರಡು ವಾರಕ್ಕಾದರೂ ಲೆಕ್ಕ ಅಲ್ಲಿಂದಲೇ. ಇದನ್ನು ಮುಂಚೆಯೇ ತಿಳಿದುಕೊಳ್ಳಿ. ಯೋಚಿಸಲು ಇನ್ನೂ ಟೈಮ್ ಇದೆ ಅಂದುಕೊಂಡಾಗ ಅದರಲ್ಲಿ ಎರಡು ವಾರ ಆಗಲೇ ಹೋಗಿರುತ್ತದೆ. ಮತ್ತೆ, ಈ ಲೆಕ್ಕ ಗೊತ್ತಿಲ್ಲದೆ ಹೆಂಡತಿ ಮೇಲೆ ಅನುಮಾನ ಪಟ್ಟವರ ಕಥೆಯನ್ನೂ ನಾನು ಕೇಳಿದ್ದೇನೆ. ಗಂಡಂದಿರು ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ.

ಸ್ಕ್ಯಾನ್ ಮಾಡಿಸಿದರು, 900 ರೂಪಾಯಿ. ಆಧಾರ್ ಜೆರಾಕ್ಸ್ ಬೇಕು, ಒಂದು ಫಾರಂಗೆ ಸಹಿ ಹಾಕಬೇಕು. ಭ್ರೂಣದ ಲಿಂಗ ತಿಳಿಯಲು ಈ ಸ್ಕ್ಯಾನ್ ಅಲ್ಲ ಅಂತ ಅದರಲ್ಲಿರುತ್ತದೆ. 1994ರ ಕಾಯಿದೆ ಪ್ರಕಾರ ಗಂಡೋ ಹೆಣ್ಣೋ ಅಂತ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಪರದೆ ಮೇಲೆ ಒಂದು ಸಣ್ಣ ಕಪ್ಪು ಚೀಲ ಮಾತ್ರ ಕಂಡಿತು. ಎದೆಬಡಿತ ಈಗಲೇ ಕಾಣುವುದಿಲ್ಲ, ಎರಡು ವಾರ ಬಿಟ್ಟು ಬನ್ನಿ ಅಂದರು. ಗರ್ಭ ಗರ್ಭಕೋಶದ ಒಳಗೇ ಇದೆ ಅನ್ನುವುದು ಮಾತ್ರ ಖಚಿತವಾಯಿತು. ಅದು ಸಣ್ಣ ವಿಷಯ ಅಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಧೈರ್ಯ ಮಾಡಿ, "ಮೇಡಂ, ನಾವಿನ್ನೂ ತೀರ್ಮಾನ ಮಾಡಿಲ್ಲ. ಬೇಡ ಅಂದ್ರೆ ಏನ್ ಮಾಡ್ಬೇಕು?" ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮದುವೆ ಆಗಿದೆ ಅಲ್ವಾ? ಮತ್ತೇನ್ ತೊಂದರೆ? ಮೊದಲನೇದು ಉಳಿಸ್ಕೊಳ್ಳಿ" ಅಂದರು. ಹೊರಗೆ ಕೌಂಟರಿನಲ್ಲಿದ್ದ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೆಗೆಸಬೇಕಾದರೆ ಗಂಡನ ಸಹಿ ಬೇಕು, ಅತ್ತೆ ಮಾವನಲ್ಲಿ ಒಬ್ಬರು ಬರಬೇಕು ಅಂದಳು. ಇವರು ಪಕ್ಕದಲ್ಲೇ ಇದ್ದರು. ಆದರೂ ನನಗೆ ನನ್ನ ಹೊಟ್ಟೆ ಬೇರೆ ಯಾರದ್ದೋ ಹೆಸರಿಗೆ ಖಾತೆಯಾದ ಹಾಗೆ ಅನಿಸಿತು.

ಅದು ನಿಜ ಅಲ್ಲ ಅಂತ ಗೊತ್ತಾಗಿದ್ದು ಎರಡು ದಿನದ ಮೇಲೆ, ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿಯ ಡಾಕ್ಟ್ರಮ್ಮ ನನ್ನನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರು. ಹೊರಗೆ ಸಾಲು ಹನುಮಂತನ ಬಾಲದ ಹಾಗಿತ್ತು, ಆದರೂ. ಅವರು ಹೇಳಿದ್ದನ್ನು ಬಂದ ತಕ್ಷಣ ಫೋನಿನಲ್ಲಿ ಬರೆದುಕೊಂಡೆ. ಗರ್ಭಪಾತದ ಕಾಯಿದೆ 1971ರದ್ದು, 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಮಾತ್ರ, ಇಬ್ಬರು ವೈದ್ಯರು ಒಪ್ಪಬೇಕು. 18 ತುಂಬಿದ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. 18 ತುಂಬದವರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಒಪ್ಪಿಗೆ ಬೇಕು. ಜಾಗ್ರತೆ ಮಾಡಿದ್ದರೂ ಗರ್ಭ ನಿಂತಿತು ಅನ್ನುವುದು ಕಾನೂನು ಒಪ್ಪುವ ಕಾರಣ. ಮದುವೆಯಾಗದವರಿಗೂ ಅದೇ ನಿಯಮ. ಹೆಸರು, ವಿವರ ಗುಟ್ಟಾಗಿರಬೇಕು. ಒಂಬತ್ತು ವಾರದೊಳಗೆ ಆದರೆ ಡಾಕ್ಟರ ನಿಗಾದಲ್ಲಿ ಮಾತ್ರೆಯಿಂದಲೇ ಆಗುತ್ತದೆ. ನಮ್ಮ ಲೆಕ್ಕಕ್ಕೆ ಒಂಬತ್ತು ವಾರ ಅಂದರೆ ಫೆಬ್ರವರಿ 6.

ಇಲ್ಲಿ ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಸ್ಕ್ಯಾನ್ ಇಲ್ಲದೆ, ಡಾಕ್ಟರನ್ನು ಕೇಳದೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಗರ್ಭ ಕೆಲವೊಮ್ಮೆ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿರುತ್ತದೆ. ಆಗ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದು ಒಳಗೇ ರಕ್ತ ಹೋದರೆ ಜೀವಕ್ಕೇ ಅಪಾಯ. ಮೊದಲ ಸ್ಕ್ಯಾನ್ ಮುಖ್ಯ ಅಂದಿದ್ದು ಅದಕ್ಕೇ.

ಡಾಕ್ಟ್ರಮ್ಮ ಕೊನೆಗೆ ಹೇಳಿದ್ದು ಇಷ್ಟು. "ಎರಡು ದಾರಿನೂ ತೆರೆದಿದೆ. ನಿಧಾನವಾಗಿ ಯೋಚನೆ ಮಾಡು, ಆದ್ರೆ ತಡ ಮಾಡ್ಬೇಡ." ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಯಾವ ತೀರ್ಮಾನವಾದರೂ ಇದರಿಂದ ನಷ್ಟವಿಲ್ಲ, ಉಳಿಸಿಕೊಂಡರೆ ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲು ಈಗಲೇ ಬೇಕು ಅಂದರು. ವಯಸ್ಸಿನ ಬಗ್ಗೆ ಕೇಳಿದೆ. ಹದಿನೆಂಟು ತುಂಬದ ಹುಡುಗಿಯರ ವಿಷಯದಲ್ಲಿ ನಮಗೆ ಭಯ ಜಾಸ್ತಿ, 22 ದೇಹಕ್ಕೆ ಚಿಕ್ಕ ವಯಸ್ಸಲ್ಲ, ಮಿಕ್ಕಿದ್ದು ನೀವೇ ನೋಡಿಕೊಳ್ಳಬೇಕು ಅಂದರು.

ಆ 'ಮಿಕ್ಕಿದ್ದು' ಅನ್ನುವುದೇ ನಮ್ಮ ಮುಂದಿನ ಹನ್ನೊಂದು ದಿನ.

ರಕ್ತ ಪರೀಕ್ಷೆಗಳನ್ನು ಆತುರದಲ್ಲಿ ಖಾಸಗಿ ಲ್ಯಾಬಿನಲ್ಲೇ ಮಾಡಿಸಿದೆ. 1,450 ರೂಪಾಯಿ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಆಗುತ್ತಿತ್ತು, ಸ್ವಲ್ಪ ಕಾಯಬೇಕಿತ್ತು ಅಷ್ಟೇ. ಹಿಮೋಗ್ಲೋಬಿನ್ 9.8 ಬಂತು. ಬಸಿರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ದಿನಾ ಮುದ್ದೆ, ಹುರುಳಿಕಾಳು ಸಾರು, ಸೊಪ್ಪು ತಿಂದು ಬೆಳೆದವಳು ನಾನು. ನನಗೆ ಹೀಗಾಗುತ್ತದೆ ಅಂತ ಎಣಿಸಿರಲಿಲ್ಲ. ಊಟವಾದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಇದೆಯಾ ಅಂತ ಡಾಕ್ಟರು ಕೇಳಿದರು. ಇತ್ತು. ಕಾಫಿ, ಟೀ ಊಟದ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಆವತ್ತಿನಿಂದ ಊಟಕ್ಕೂ ಕಾಫಿಗೂ ನಡುವೆ ಒಂದೂವರೆ ಗಂಟೆ ಬಿಡುತ್ತಿದ್ದೇನೆ.

ಇನ್ನೊಂದು, ನನ್ನ ರಕ್ತದ ಗುಂಪು ಓ ನೆಗೆಟಿವ್. ಇವರದ್ದು ಯಾವುದು ಅಂತ ಇವರಿಗೇ ಗೊತ್ತಿರಲಿಲ್ಲ. ಮದುವೆಗೆ ಜಾತಕ, ನಕ್ಷತ್ರ, ಗೋತ್ರ ಎಲ್ಲ ನೋಡಿದ್ದರು, ರಕ್ತದ ಗುಂಪು ಒಬ್ಬರೂ ಕೇಳಿರಲಿಲ್ಲ. ನೂರು ರೂಪಾಯಿ ಕೊಟ್ಟು ಟೆಸ್ಟ್ ಮಾಡಿಸಿದೆವು. ಬಿ ಪಾಸಿಟಿವ್. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿಗೆ ತೊಂದರೆಯಾಗಬಹುದು. ಅದಕ್ಕೆ ಆಂಟಿ-ಡಿ ಅನ್ನುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ 28ನೇ ವಾರದಲ್ಲಿ ಒಂದು, ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತ ಮಾಡಿಸಿದರೂ ಇದು ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು. ನೆಗೆಟಿವ್ ಗುಂಪಿನವರು ಇದನ್ನು ಮರೆಯಬೇಡಿ.

ಈಗ ದುಡ್ಡು. ನಾನು ವಸಂತನರಸಾಪುರದ ಒಂದು ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದೇನೆ. ಸಂಬಳ 15,500. ಇವರಿಗೆ 21,000 ಸಿಗುತ್ತಿತ್ತು. ಮನೆ ಬಾಡಿಗೆ 6,500. ಮದುವೆಗೆ ಎತ್ತಿದ ಚೀಟಿ ಇನ್ನೂ ಹನ್ನೊಂದು ತಿಂಗಳು ಕಟ್ಟಬೇಕು, ತಿಂಗಳಿಗೆ 8,000. ಬೈಕಿನ ಕಂತು 3,200. ಹಾಲು, ದಿನಸಿ, ಗ್ಯಾಸು, ರೈಲು ಪಾಸು, ಎರಡೂ ಮನೆಗೆ ಕಳಿಸುವುದು. ಹಳೇ ಡೈರಿಯೊಂದರಲ್ಲಿ ಎಲ್ಲ ಬರೆದು ಕೂಡಿದಾಗ ನನ್ನ ಸಂಬಳ ನಿಂತರೆ ಎರಡನೇ ತಿಂಗಳಿಗೇ ಸಾಲ ಮಾಡಬೇಕು ಅಂತ ಕಂಡಿತು. ಆ ರಾತ್ರಿ ನಮ್ಮಿಬ್ಬರ ಉತ್ತರವೂ 'ಬೇಡ' ಅಂತಲೇ ಇತ್ತು.

ಹೆರಿಗೆ ರಜೆ ಸಿಗುತ್ತಾ ಅಂತ ಸೂಪರ್‌ವೈಸರ್ ಹತ್ತಿರ ಯಾರದ್ದೋ ಹೆಸರು ಹೇಳಿ ವಿಚಾರಿಸಿದೆ. "ಕಾಂಟ್ರಾಕ್ಟ್‌ನವರಿಗೆ ಎಲ್ಲಿ ರಜೆ? ಪರ್ಮನೆಂಟ್ ಆದವರಿಗೆ ಮಾತ್ರ" ಅಂದರು. ನಂಬಿಬಿಟ್ಟಿದ್ದೆ. ಆಮೇಲೆ ಪೇ ಸ್ಲಿಪ್ ತೆಗೆದು ನೋಡಿದೆ. ತಿಂಗಳು ತಿಂಗಳೂ ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ, 0.75 ಪರ್ಸೆಂಟ್ ಹಿಡಿಯುತ್ತಿದ್ದರು. ಹಾಗಾದರೆ ನಾನು ವಿಮೆಯಲ್ಲಿ ಇದ್ದೇನೆ ಅಂತಾಯಿತು. ಇಎಸ್‌ಐ ಕಚೇರಿಗೇ ಹೋಗಿ ಕೇಳಿದೆ. ಅಲ್ಲಿ ಕಾಂಟ್ರಾಕ್ಟ್, ಪರ್ಮನೆಂಟ್ ಅನ್ನುವ ಭೇದ ಇಲ್ಲ. ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿದ್ದರೆ ಸಾಕು. ಒಂದೊಂದು ಅವಧಿಯೂ ಆರು ತಿಂಗಳು, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ತಿ ದಿನಗೂಲಿಯ ಲೆಕ್ಕದಲ್ಲಿ ಹಣ ಬರುತ್ತದೆ. ಇದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ ಎಂಟು ವಾರ ತೆಗೆದುಕೊಳ್ಳಬಹುದು. ಗರ್ಭಪಾತವಾದರೂ ಆರು ವಾರ ಇದೆ.

ಇಲ್ಲೂ ಒಂದು ತೊಡಕು ಬಂತು. ಆನ್‌ಲೈನಿನಲ್ಲಿ ನನ್ನ ವಂತಿಗೆ ನೋಡಿದರೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಖಾಲಿ. ಸಂಬಳದಲ್ಲಿ ಹಿಡಿದಿದ್ದರು, ಕಟ್ಟಿರಲಿಲ್ಲ. ಮಿಕ್ಕ ತಿಂಗಳುಗಳಲ್ಲೇ 70 ದಾಟಿದ್ದರಿಂದ ನಾನು ಬಚಾವಾದೆ. ನೀವು ಕೆಲಸದಲ್ಲಿದ್ದರೆ ಇವತ್ತೇ ನಿಮ್ಮ ವಂತಿಗೆ ತೆಗೆದು ನೋಡಿ, ಪೇ ಸ್ಲಿಪ್ ಒಂದನ್ನೂ ಬಿಸಾಡಬೇಡಿ. ಇಎಸ್‌ಐ ಇಲ್ಲದವರು ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆ ಬಗ್ಗೆ ಕೇಳಿ. ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ ಬರುತ್ತದೆ.

ಸಂಕ್ರಾಂತಿಗೆ ತವರಿಗೆ ಹೋದೆವು. ಕೊರಟಗೆರೆ ಕಡೆ ಒಂದು ಸಣ್ಣ ಹಳ್ಳಿ. ಅಮ್ಮನ ಹತ್ತಿರ ಎರಡು ಸೀಮೆಹಸು ಇವೆ, ಡೈರಿಗೆ ಹಾಲು ಹಾಕಿಯೇ ಸಂಸಾರ. ಸಂಜೆ ಹಸುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸಲು ಕರೆದುಕೊಂಡು ಹೋಗುವಾಗ ಹೊಗೆಯ ವಾಸನೆಗೆ ನನಗೆ ವಾಂತಿ ಬಂತು. ಅಮ್ಮ ಏನೂ ಕೇಳಲಿಲ್ಲ. ರಾತ್ರಿ ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಾಗ ಮಾತ್ರ, "ಎಷ್ಟು ದಿನ ಆಯ್ತು ಮಗ?" ಅಂದಳು. ಹೇಳಿಬಿಟ್ಟೆ. ತೀರ್ಮಾನ ಮಾಡಿಲ್ಲ ಅಂತಲೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

ಅಮ್ಮನಿಗೆ ಹದಿನೇಳಕ್ಕೆ ಮದುವೆ, ಹದಿನೆಂಟಕ್ಕೆ ನಾನು. ಹತ್ತನೇ ಕ್ಲಾಸು ಪಾಸಾಗಿದ್ದವಳು, ಮುಂದೆ ಓದಲಿಲ್ಲ. ನಾನು ಪದವಿ ಮುಗಿಸಿದಾಗ ಅಂಕಪಟ್ಟಿಯನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದೆ ಇಟ್ಟಿದ್ದಳು. ಆವತ್ತು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಹೇಳಿದಳು. "ನಿನ್ನ ಹೆರ್ತೀಯಾ ಇಲ್ವಾ ಅಂತ ನನ್ನ ಯಾರೂ ಕೇಳ್ಲಿಲ್ಲ ಕಣೇ. ನಿನ್ನ ಮೇಲೆ ಪ್ರೀತಿ ಇರ್ಲಿಲ್ಲ ಅಂತಲ್ಲ. ಆದ್ರೆ ಒಂದು ವರ್ಷ ಪೂರ್ತಿ ನಾನು ಯಾಕೆ ಅಳ್ತಿದ್ದೆ ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ. ನಿನ್ನನ್ನ ಕೇಳ್ತವ್ರೆ. ಯೋಚನೆ ಮಾಡಿ ಹೇಳು. ಬೇಡ ಅಂದ್ರೆ ನಾನೇ ಬಂದು ಆಸ್ಪತ್ರೇಲಿ ಜೊತೆಗೆ ಕೂತ್ಕೊಳ್ತೀನಿ."

ನಾನು ಇದನ್ನು ಬರೆಯುತ್ತಿರುವುದೇ ಆ ಮಾತಿಗೋಸ್ಕರ. ಅಲ್ಲಿಯವರೆಗೆ ನಾನು ಯೋಚನೆಯನ್ನೇ ಮಾಡುತ್ತಿರಲಿಲ್ಲ, ಬರೀ ಹೆದರುತ್ತಿದ್ದೆ. ಬೇಡ ಅನ್ನುವ ಬಾಗಿಲು ನಿಜವಾಗಿಯೂ ತೆರೆದಿದೆ ಅಂತ ಮನಸ್ಸಿಗೆ ನಾಟಿದ ಮೇಲೆಯೇ, ಬೇಕಾ ಅಂತ ನನ್ನನ್ನು ನಾನು ಕೇಳಿಕೊಳ್ಳಲು ಆಗಿದ್ದು.

ಗುಬ್ಬಿ ಕಡೆಯ ಅತ್ತೆ ಮನೆಯಲ್ಲಿ ಬೇರೆಯೇ ಆಯಿತು. ನಾವು ಹೇಳಿರಲಿಲ್ಲ. ಎಳ್ಳುಬೆಲ್ಲ ಕೊಡಲು ಹೋದಾಗ ಬ್ಯಾಗಿನಲ್ಲಿದ್ದ ಮಾತ್ರೆ ಚೀಟಿ ನೋಡಿ ನಾದಿನಿ ಹೇಳಿಬಿಟ್ಟಳು. ಅತ್ತೆ ಅಡಿಕೆ ಸುಲಿಯುವುದನ್ನು ಬಿಟ್ಟು ಬಂದು ನನ್ನ ತಲೆ ಸವರಿದರು, ಕಣ್ಣಲ್ಲಿ ನೀರು. ಇನ್ನೂ ಯೋಚಿಸುತ್ತಿದ್ದೇವೆ ಅಂತ ಇವರು ಹೇಳಿದ ಮೇಲೆ ಮುಖ ಬಾಡಿತು. "ಮೊದಲನೇದು ತೆಗೆಸಿದ್ರೆ ಮುಂದೆ ನಿಲ್ಲಲ್ಲ. ನಮ್ಮೂರಲ್ಲೇ ಇಬ್ಬರಿಗೆ ಆಗಿದೆ" ಅಂದರು. ಇದನ್ನು ಡಾಕ್ಟ್ರಮ್ಮನಿಗೆ ಕೇಳಿಯೇ ಇದ್ದೆ. ಅರ್ಹ ವೈದ್ಯರ ಹತ್ತಿರ, ಸರಿಯಾದ ಸಮಯದಲ್ಲಿ ಮಾಡಿಸಿದರೆ ಮುಂದೆ ಮಕ್ಕಳಾಗಲು ಸಾಮಾನ್ಯವಾಗಿ ತೊಂದರೆ ಇಲ್ಲ ಅಂದಿದ್ದರು. ಆದರೆ ಅತ್ತೆಗೆ ಎದುರು ಹೇಳುವ ಧೈರ್ಯ ನನಗೆ ಬರಲಿಲ್ಲ. ಇವರೇ ಹೇಳಿದರು. "ಅಮ್ಮ, ನೀನು ಆಸೆ ಪಡೋದು ತಪ್ಪಲ್ಲ. ಆದ್ರೆ ಅವಳ ಮೇಲೆ ಹಾಕ್ಬೇಡ. ಏನ್ ಕೇಳೋದಿದ್ರೂ ನನ್ನ ಕೇಳು." ಆಮೇಲೆ ಅತ್ತೆ ನಾಲ್ಕು ದಿನ ಫೋನ್ ಮಾಡಲಿಲ್ಲ. ಕಷ್ಟವಾಯಿತು. ಆದರೆ ಯಾರ ಅಮ್ಮನ ಹತ್ತಿರ ಯಾರು ಮಾತಾಡಬೇಕು ಅನ್ನುವುದು ಆವತ್ತು ಇತ್ಯರ್ಥವಾಯಿತು. ನೀವೂ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಊರಿಂದ ಬಂದ ಮೇಲೆ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳಿಗೆ ಹೇಳಿಕೊಂಡೆ. ಎರಡು ವರ್ಷದ ಹಿಂದೆ ಅವಳಿಗೂ ಹೀಗೇ ಆಗಿತ್ತು. ಆಗ ಅವಳ ಗಂಡನಿಗೆ ಕೆಲಸ ಇರಲಿಲ್ಲ, ಬಾಡಿಗೆ ಮೂರು ತಿಂಗಳು ಬಾಕಿ. ಬೇಡ ಅಂತ ತೀರ್ಮಾನ ಮಾಡಿ ಆಸ್ಪತ್ರೆಯಲ್ಲೇ ಮಾಡಿಸಿದಳು. ಎರಡು ವಾರದ ಮೇಲೆ ಮತ್ತೆ ಹೋಗಿ ಎಲ್ಲ ಸರಿಯಾಗಿದೆಯಾ ಅಂತ ನೋಡಿಸಿಕೊಂಡು ಬಂದಳು. ಈಗ ಅವಳಿಗೆ ಏಳು ತಿಂಗಳ ಮಗಳಿದ್ದಾಳೆ. "ಒಂದು ವಾರ ಅಳ್ತಾನೇ ಇದ್ದೆ. ಆದ್ರೆ ತಪ್ಪು ಮಾಡಿದೆ ಅಂತ ಒಂದು ದಿನಾನೂ ಅನ್ಸಿಲ್ಲ" ಅಂದಳು. ಅವಳೇ ಒಂದು ದಾರಿ ಹೇಳಿಕೊಟ್ಟಳು. ಮೂರು ದಿನ, ಬೇಡ ಅಂತ ತೀರ್ಮಾನ ಆಗಿಹೋಗಿದೆ ಅಂದುಕೊಂಡು ಬದುಕಿ. ಮುಂದಿನ ಮೂರು ದಿನ, ಬೇಕು ಅಂತ. ನಡುವೆ ವಾದ ಮಾಡಬೇಡಿ, ಬರೀ ಗಮನಿಸಿ.

ಜನವರಿ 17, 18, 19 ಬೇಡದ ದಿನಗಳು. ಮೊದಲ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. 18ನೇ ತಾರೀಕು ಭಾನುವಾರ, ಬೈಕಿನಲ್ಲಿ ನಾಮದ ಚಿಲುಮೆ ಕಡೆ ಹೋದೆವು. ಬೈಕಿನ ಮೇಲೆ ಮುಖ ಮುಖ ಕಾಣುವುದಿಲ್ಲವಲ್ಲ, ಕಷ್ಟದ ಮಾತು ಸುಲಭವಾಗಿ ಬರುತ್ತದೆ. ಇವರು ಆವತ್ತು ಮೊದಲ ಸಲ ತಮ್ಮ ಅಪ್ಪನ ಬಗ್ಗೆ ಹೇಳಿದರು. ಲಾರಿ ಓಡಿಸುತ್ತಿದ್ದವರು, ಮನೆಯಲ್ಲಿ ಇದ್ದದ್ದೇ ಕಡಿಮೆ. "ನಾನೂ ಬೆಳಿಗ್ಗೆ ಮಗು ಏಳೋದ್ರೊಳಗೆ ಹೋಗಿ ಮಲಗಿದ ಮೇಲೆ ಬರ್ತೀನಿ. ಹಾಗಾದ್ರೆ ನಂಗೂ ಅಪ್ಪನಿಗೂ ಏನ್ ವ್ಯತ್ಯಾಸ?" ಅಂದರು. ಇವರ ಭಯ ದುಡ್ಡಿನದ್ದಲ್ಲ ಅಂತ ನನಗೆ ಆಗ ಗೊತ್ತಾಯಿತು. ಅಷ್ಟು ದಿನ ನಾವು ಡೈರಿಯಲ್ಲಿ ಬರೀ ದುಡ್ಡು ಕೂಡುತ್ತಾ ಕೂತಿದ್ದೆವು.

ಮೂರನೇ ದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ಈಗ ಬೇಡ, ಸರಿ. ಮತ್ತೆ ಯಾವಾಗ? ಚೀಟಿ ಮುಗಿದ ಮೇಲೆ. ಮುಕ್ತ ವಿಶ್ವವಿದ್ಯಾಲಯದ ಎಂ.ಕಾಂ. ಮುಗಿದ ಮೇಲೆ. ಇವರು ಊರ ಹತ್ತಿರ ಕೆಲಸ ಹಿಡಿದ ಮೇಲೆ. ಒಂದೊಂದನ್ನೂ ನೋಡಿದರೆ ಮಗು ಬಂದರೂ ಇವು ನಡೆಯುತ್ತವೆ, ತಡವಾಗುತ್ತವೆ ಅಷ್ಟೇ. ನನ್ನ ಗೆಳತಿಯ ಪರಿಸ್ಥಿತಿ ಹಾಗಿರಲಿಲ್ಲ. ಆ ಮಗು ಆಗ ಬಂದಿದ್ದರೆ ಅವಳಿಗೆ ಕೂಳಿಗೂ ಕಷ್ಟವಾಗುತ್ತಿತ್ತು. ಅವಳ ಉತ್ತರ ಅವಳಿಗೆ ಸರಿ. ನಮ್ಮ ಲೆಕ್ಕ ಬೇರೆ ಇತ್ತು.

ಬೇಕಿನ ಮೂರು ದಿನ ಸುಲಭವೇನೂ ಆಗಿರಲಿಲ್ಲ. ಬೆಳಿಗ್ಗೆ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಓದು ನಿಂತುಹೋಗುತ್ತದೆ ಅನ್ನುವ ಸಂಕಟ ಹಾಗೇ ಇತ್ತು. ಆದರೆ ಇವರು ಆ ಮೂರು ದಿನದಲ್ಲಿ ನನಗೆ ಹೇಳದೆ ಹಿರೇಹಳ್ಳಿಯ ಎರಡು ಕಾರ್ಖಾನೆಗೆ ಬಯೋಡೇಟಾ ಕೊಟ್ಟು ಬಂದಿದ್ದರು.

ಎರಡನೇ ಸ್ಕ್ಯಾನ್ 24ಕ್ಕೆ ಇತ್ತು. ಅದಕ್ಕೆ ಮುಂಚೆಯೇ ತೀರ್ಮಾನ ಆಗಬೇಕು ಅಂತ ನಾನು ಹಟ ಹಿಡಿದೆ. ಪರದೆ ಮೇಲೆ ಎದೆಬಡಿತ ಕಂಡರೆ ಅಳು ಬರುತ್ತದೆ, ಆ ಅಳುವಿನಲ್ಲಿ ತೀರ್ಮಾನ ಮಾಡುವುದು ಬೇಡ ಅನಿಸಿತ್ತು. 23ರ ರಾತ್ರಿ ಮತ್ತೆ ಮಾಳಿಗೆ ಮೇಲೆ ಹೋದೆವು. ಚಳಿ ಇತ್ತು, ಇವರ ಶಾಲು ಹೊದ್ದು ಕೂತಿದ್ದೆ. ನಾನು ಮೂರು ವಿಷಯ ಕೇಳಿದೆ. ನೀವು ಊರ ಹತ್ತಿರ ಕೆಲಸಕ್ಕೆ ಬರುತ್ತೀರಾ, ಸಂಬಳ ಕಡಿಮೆಯಾದರೂ? ಪರೀಕ್ಷೆ ದಿನಗಳಲ್ಲಿ ಮಗುವನ್ನು ನೀವು ನೋಡಿಕೊಳ್ಳುತ್ತೀರಾ, ಅತ್ತೆಗೋ ಅಮ್ಮನಿಗೋ ಒಪ್ಪಿಸದೆ? ಎರಡನೇ ಮಗುವಿನ ಮಾತು ನಾನೇ ಎತ್ತುವವರೆಗೆ ಯಾರೂ ಎತ್ತದ ಹಾಗೆ ತಡೆಯುತ್ತೀರಾ? ಮೂರಕ್ಕೂ ಹೂಂ ಅಂದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, "ಸ್ನಾನ ಮಾಡಿಸೋದು ಮಾತ್ರ ಕಲಿಸ್ಕೊಡು, ಮಿಕ್ಕಿದ್ದು ನೋಡ್ಕೋತೀನಿ" ಅಂದರು. ಯೋಚಿಸಿ ಹೇಳಿದ್ದರಿಂದಲೇ ನಂಬಿದೆ.

ಆಮೇಲೆ ನಾನು, "ನಂಗೆ ಬೇಕು ಅನ್ಸ್ತಿದೆ" ಅಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. "ನಂಗೂ" ಅಂದರು.

ಮಾರನೇ ದಿನ ಎದೆಬಡಿತ ಕಂಡಿತು. ಏಳು ವಾರ. ಅತ್ತುಬಿಟ್ಟೆ.

ಆಮೇಲಿನದ್ದು ಕಾಗದದ ಕೆಲಸ. ಹನ್ನೆರಡು ವಾರದೊಳಗೆ ತಾಯಿ ಕಾರ್ಡ್ ಮಾಡಿಸಬೇಕು. ನಗರ ಆರೋಗ್ಯ ಕೇಂದ್ರಕ್ಕೆ ಮೂರು ಸಲ ಹೋದೆ. ಮೊದಲ ಸಲ ಆಧಾರ್‌ನಲ್ಲಿ ತವರಿನ ವಿಳಾಸ ಇದೆ, ಅಲ್ಲೇ ಮಾಡಿಸಿ ಅಂದರು. ವಾಪಸ್ ಬಂದೆ. ಎರಡನೇ ಸಲ ನಮ್ಮ ಬೀದಿಯ ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದೆ. ಇಲ್ಲೇ ವಾಸ ಇರೋರಿಗೆ ಇಲ್ಲೇ ಮಾಡ್ಬೇಕು ಅಂತ ಅವರು ಹೇಳಿದ ಮೇಲೆ ಬರೆದುಕೊಂಡರು, ಆದರೆ ಆವತ್ತು ಸರ್ವರ್ ಇರಲಿಲ್ಲ. ಮೂರನೇ ಸಲಕ್ಕೆ ಕಾರ್ಡ್ ಕೈಗೆ ಬಂತು. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಎರಡು ಫೋಟೋ, ಇರುವ ಎಲ್ಲ ರಿಪೋರ್ಟುಗಳ ಜೆರಾಕ್ಸ್ ಒಯ್ಯಿರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ವಿಚಾರಿಸಿ. ಆಶಾ ಅಕ್ಕನ ನಂಬರ್ ಮೊದಲ ದಿನವೇ ತೆಗೆದುಕೊಳ್ಳಿ. ನಾನು ತೆಗೆದುಕೊಂಡಿದ್ದರೆ ಎರಡು ಅರ್ಧ ದಿನದ ಸಂಬಳ ಉಳಿಯುತ್ತಿತ್ತು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸಿರಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಾಲ್ಕನೇ ತಿಂಗಳಿಂದ ಅಲ್ಲಿಗೇ ಬರಲು ಹೇಳಿದ್ದಾರೆ.

ತೀರ್ಮಾನ ಆಗಿ ಎರಡನೇ ಸ್ಕ್ಯಾನ್ ಮುಗಿಯುವಷ್ಟರಲ್ಲಿ ನಮಗೆ ಖರ್ಚಾಗಿದ್ದು ಸುಮಾರು 4,600 ರೂಪಾಯಿ. ಕಿಟ್ ಎರಡು, ಮೂರು ಸಲದ ಫೀಸು, ಎರಡು ಸ್ಕ್ಯಾನ್, ಇಬ್ಬರ ರಕ್ತ ಪರೀಕ್ಷೆ, ಆಟೋ. ಮೊದಲಿಂದಲೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಉಳಿಯುತ್ತಿತ್ತು.

ಇವರಿಗೆ ಹಿರೇಹಳ್ಳಿಯಲ್ಲಿ ಕೆಲಸ ಸಿಕ್ಕಿದೆ. ಸಂಬಳ 2,500 ಕಡಿಮೆ, ರೈಲು ಪಾಸು ಉಳಿಯುತ್ತದೆ. ಈಗ ಸಂಜೆ ಆರೂವರೆಗೆ ಮನೆಯಲ್ಲಿರುತ್ತಾರೆ. ಅತ್ತೆ ಫೋನ್ ಮಾಡಲು ಶುರು ಮಾಡಿದ್ದಾರೆ, ಇವರ ಹತ್ತಿರವೇ ಮೊದಲು ಮಾತಾಡುತ್ತಾರೆ. ಬಾಣಂತನಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಹಸು ಬಿಟ್ಟು ಅಮ್ಮ ಮೂರು ತಿಂಗಳು ಇಲ್ಲಿ ಬಂದಿರಲು ಆಗುವುದಿಲ್ಲ. ನಾನು ಅಲ್ಲಿಗೆ ಹೋದರೆ ಆಸ್ಪತ್ರೆ ದೂರ. ಅಮ್ಮ ಒಂದು ಹಸು ಮಾರುತ್ತೇನೆ ಅಂತ ಕೂತಿದ್ದಾಳೆ. ಬೇಡ ಅಂತ ದಿನಾ ಫೋನಿನಲ್ಲಿ ಹೇಳುತ್ತಿದ್ದೇನೆ. ಬೇರೆ ಯಾರಾದರೂ ಇಂಥದ್ದನ್ನು ಹೇಗೆ ನಿಭಾಯಿಸಿದಿರಿ ಅಂತ ತಿಳಿಸಿದರೆ ಉಪಕಾರವಾಗುತ್ತದೆ.

ನಾಳೆ ಎನ್‌.ಟಿ. ಸ್ಕ್ಯಾನ್ ಇದೆ. ಮಗುವಿನ ಕುತ್ತಿಗೆಯ ಹಿಂಭಾಗ ನೋಡಲು 11ರಿಂದ 14 ವಾರದೊಳಗೆ ಮಾಡಿಸುವ ಸ್ಕ್ಯಾನ್ ಅದು. ಇವರು ರಜೆ ಹಾಕಿದ್ದಾರೆ. ಆಧಾರ್ ಜೆರಾಕ್ಸು, ತಾಯಿ ಕಾರ್ಡು ಎರಡನ್ನೂ ಈಗಲೇ ಬ್ಯಾಗಿಗೆ ಹಾಕಿಟ್ಟೆ.